ಪುಕ್ಕಟೆ ಗ್ಯಾಸಿನ ಸ್ವಾತಂತ್ರ್ಯ!

ಗೆಳೆಯರೇ, ಮಾಲ್ಡೋವಾ ಎಂಬ ದೇಶದ ಹೆಸರು ಕೇಳಿದ್ದೀರಾ? ರುಮೇನಿಯಾ, ಉಕ್ರೇನ್‌ಗಳ ನಡುವೆ ಸಿಕ್ಕಿಕೊಂಡ ಬಡ ದೇಶ. 1989ರ ಆಗಸ್ಟ್ 31ರಂದು, ಇನ್ನೂ ಸೋವಿಯತ್ ಒಕ್ಕೂಟದೊಳಗಿದ್ದಾಗಲೇ, ಅದು ತನ್ನ ಜನರ ನುಡಿಯನ್ನು ರಾಜ್ಯಭಾಷೆ ಎಂದು ಸಾರಿತು. ಮಾಸ್ಕೋ ಹೇರಿದ್ದ ಸಿರಿಲಿಕ್ ಲಿಪಿ ಕಿತ್ತೊಗೆದು ಲ್ಯಾಟಿನ್ ಲಿಪಿಗೆ ಮರಳಿತು. ಎದೆಗಾರಿಕೆ ಅಂದರೆ ಅದು!

ನೀಸ್ಟರ್ ನದಿಯ ಆಚೆ ದಡದಲ್ಲಿ ದೊಡ್ಡ ಕಾರ್ಖಾನೆಗಳಿದ್ದವು, ವಿದ್ಯುತ್ ಸ್ಥಾವರವಿತ್ತು. ಅಲ್ಲಿನ ಮುಖಂಡರು ರಷ್ಯನ್ ಭಾಷೆಗೆ ಕುತ್ತು ಬಂತೆಂದು ಕೂಗೆಬ್ಬಿಸಿ 1990ರಲ್ಲಿ ಬೇರೆಯಾದರು. ಜನರ ಭಯ ಪೂರ್ತಿ ಸುಳ್ಳಲ್ಲ, ಇರಲಿ. 1992ರಲ್ಲಿ ಯುದ್ಧವೂ ಆಯಿತು, ರಷ್ಯಾದ 14ನೇ ಸೇನೆ ಬೆನ್ನಿಗೆ ನಿಂತಿತು. ಟ್ರಾನ್ಸ್‌ನಿಸ್ಟ್ರಿಯಾ ಎಂಬ ಈ ತುಂಡಿಗೆ ಸ್ವಂತ ಧ್ವಜ ಇದೆ, ಸ್ವಂತ ರೂಬಲ್ ಇದೆ. ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ದೇಶದ ಮಾನ್ಯತೆ ಇಲ್ಲ. ರಷ್ಯಾದ್ದೂ ಇಲ್ಲ!

ಇದು ಬರೀ ಭಾಷೆಯ ಜಗಳ ಅಂದುಕೊಂಡಿರೋ, ಮೋಸ ಹೋದಿರಿ. ಅಲ್ಲಿ ಒಲೆ ಉರಿದದ್ದು ಯಾರ ಗ್ಯಾಸಿನಿಂದ ಕೇಳಿ. ಗ್ಯಾಸ್ ರಷ್ಯಾದ ಗ್ಯಾಸ್‌ಪ್ರಾಮ್‌ನದು. ಟಿರಾಸ್ಪೋಲದ ಆಡಳಿತ ಜನರಿಂದ ಅಷ್ಟಿಷ್ಟು ಬಿಲ್ ವಸೂಲಿ ಮಾಡಿ ತನ್ನ ಬಜೆಟ್ಟಿಗೇ ಹಾಕಿಕೊಂಡಿತು, ಗ್ಯಾಸ್‌ಪ್ರಾಮ್‌ಗೆ ಕೊಡಲಿಲ್ಲ. ನೂರಾರು ಕೋಟಿ ಡಾಲರ್ ಬಾಕಿ ಬರೆದದ್ದು ಮಾಲ್ಡೋವಾಗ್ಯಾಸ್ ಕಂಪನಿಯ ಲೆಕ್ಕದಲ್ಲಿ! ಅದೇ ಗ್ಯಾಸಿನಿಂದ ಕುಚುರ್ಗಾನ್ ಸ್ಥಾವರದಲ್ಲಿ ಕರೆಂಟು ಮಾಡಿ ಮಾರಿದ್ದು ಯಾರಿಗೆ? ಯಾರಿಂದ ಬೇರೆಯಾದರೋ ಆ ಮಾಲ್ಡೋವಾಕ್ಕೇ! ಭಾಷಣದಲ್ಲಿ ವೈರಿ, ವ್ಯಾಪಾರದಲ್ಲಿ ಗಿರಾಕಿ.

ನಡುವೆ ಬೆಳೆದು ನಿಂತದ್ದು 1993ರಲ್ಲಿ ಹುಟ್ಟಿದ ಷೆರಿಫ್ ಕಂಪನಿ. ಸೂಪರ್ ಮಾರ್ಕೆಟ್ಟೂ ಅದರದೇ, ಪೆಟ್ರೋಲ್ ಬಂಕೂ ಅದರದೇ. 2021ರಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು 2–1ರಿಂದ ಮಣಿಸಿದ ಫುಟ್‌ಬಾಲ್ ತಂಡವೂ ಅದರದೇ. (ಚಪ್ಪಾಳೆ ತಟ್ಟಿದವರು ನಿಮ್ಮಲ್ಲೂ ಇದ್ದೀರಿ!)

ಇನ್ನು ಈ ಭಾಷಾರಕ್ಷಕರ ನಿಯತ್ತು? 2004ರಲ್ಲಿ ಲ್ಯಾಟಿನ್ ಲಿಪಿಯಲ್ಲಿ ಪಾಠ ಹೇಳುತ್ತಿದ್ದ ಶಾಲೆಗಳಿಗೆ ಪೊಲೀಸರನ್ನು ನುಗ್ಗಿಸಿ ಬೀಗ ಜಡಿದರು. ತಮ್ಮ ನುಡಿಗೆ ಹಕ್ಕು ಬೇಕು, ಪಕ್ಕದ ಮನೆ ಮಗುವಿಗೆ ಬೇಡ! 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದಕ್ಕೆ ರಷ್ಯಾವನ್ನೇ ಹೊಣೆ ಮಾಡಿತು.

2025ರ ಜನವರಿ 1ರಂದು ಉಕ್ರೇನ್ ಮೂಲಕ ಬರುತ್ತಿದ್ದ ಗ್ಯಾಸ್ ನಿಂತಿತು. ಬೇರೆ ಮಾರ್ಗದಲ್ಲಿ ಕಳಿಸಬಹುದಿತ್ತು. ಗ್ಯಾಸ್‌ಪ್ರಾಮ್ ಮಾಲ್ಡೋವಾದ ಹಳೇ ಬಾಕಿಯ ನೆಪ ಹೇಳಿತು. ಕೊರೆಯುವ ಚಳಿಯಲ್ಲಿ ಟ್ರಾನ್ಸ್‌ನಿಸ್ಟ್ರಿಯಾದ ಮನೆಗಳಿಗೆ ಬಿಸಿಯಿಲ್ಲ, ಬಿಸಿನೀರಿಲ್ಲ. ಆಹಾರ ತಯಾರಿಸುವವು ಬಿಟ್ಟು ಉಳಿದ ಕಾರ್ಖಾನೆಗಳಿಗೆ ಬೀಗ. ಈಚೆ ದಡದವರು ರುಮೇನಿಯಾದಿಂದ ದುಬಾರಿ ಕರೆಂಟು ಕೊಂಡರು. ರಷ್ಯನ್ ಮಾತಾಡುವವರೇ ಸೌದೆ ಒಲೆ ಹಚ್ಚಬೇಕಾಯಿತು.

ಮೂವತ್ತು ವರ್ಷ ಲಾಭ ತಿಂದವರಲ್ಲಿ ಎಷ್ಟು ಮಂದಿ ಸೌದೆ ಒಡೆದರು, ಹೇಳಿ?