ಆನೆಗೊಂದಿಯ ಮರಿಯಾನೆಗಳು

ತುಂಗಭದ್ರೆಯ ಉತ್ತರ ದಂಡೆಯಲ್ಲಿರುವ ಆನೆಗೊಂದಿಗೆ ಆ ಹೆಸರು ಬಂದುದು ವಿಜಯನಗರದ ಅರಸರ ಆನೆಗಳಿಂದ ಎಂದು ಜನರು ಹೇಳುವುದುಂಟು. ಅರಸರೂ ಹೋದರು, ಆನೆಗಳೂ ಹೋದುವು. ಆದರೆ ಆ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಆ ನೀರನ್ನು ಕುಡಿದು ಭತ್ತವೂ ಬಾಳೆಯೂ ಬೆಳೆಯುತ್ತಿವೆ. ಬೆಳೆದುದನ್ನು ಹೊತ್ತು ಗಂಗಾವತಿಗೆ ಮುಟ್ಟಿಸುವ ಕೆಲಸ ಮಾತ್ರ ಈಗ ಮತ್ತೊಂದು ಜಾತಿಯ ಆನೆಯ ಪಾಲಿಗೆ ಬಂದಿದೆ. 2005ರ ಮೇ ತಿಂಗಳಿನಲ್ಲಿ ಮಾರಾಟಕ್ಕೆ ಬಂದ ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿಗೆ ಬೀದಿಯ ಜನರು ಇಟ್ಟ ಅಡ್ಡಹೆಸರು ‘ಛೋಟಾ ಹಾಥಿ’, ಅಂದರೆ ಮರಿಯಾನೆ. ಅದರ ಹಿಂದೆಯೇ ಇನ್ನೂ ದೊಡ್ಡ ಮರಿಗಳು ಒಂದೊಂದಾಗಿ ಬಂದುವು.

ಈ ಮರಿಗಳಲ್ಲಿ ಯಾವುದನ್ನು ಕಟ್ಟಿಕೊಳ್ಳಬೇಕು? ಅಲ್ಲಿನ ಒಂದು ರೈತರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆಗೆ ನಾಲ್ಕು ಎಕರೆ ಗದ್ದೆ. ಮಗನಿಗೆ ಗಾಡಿ ಕೊಂಡು ಬಾಡಿಗೆ ಹೊಡೆಯುವ ಹಂಬಲ. ಸಾಲ ಸಿಗುವ ಭರವಸೆಯೂ ಇದೆ. ಮಗನ ಕೈಯಲ್ಲಿ ಬಣ್ಣಬಣ್ಣದ ಜಾಹೀರಾತಿನ ಹಾಳೆ. ಅವನ ಕಣ್ಣು ಮೊದಲು ಬೀಳುವುದು ಅಶ್ವಶಕ್ತಿಯ ಅಂಕೆಯ ಮೇಲೆ. ತಂದೆ ಕೇಳುವುದೇ ಬೇರೆ: “ಎಷ್ಟು ಚೀಲ ಹೊರತೈತೋ ತಮ್ಮಾ? ಕೆಟ್ಟರ ರಿಪೇರಿ ಮಾಡವ್ರು ಯಾರು?” ವರ್ಷಗಟ್ಟಲೆ ತಪ್ಪದೆ ಕಟ್ಟಬೇಕಾದ ಕಂತಿನ ಹಣೆಬರಹ ಈ ಎರಡು ಪ್ರಶ್ನೆಗಳ ಉತ್ತರದಲ್ಲಿ ಅಡಗಿದೆ.

ಮೊದಲು ಮಗನ ಅಂಕೆಯನ್ನು ಪರಿಶೀಲಿಸಬೇಕು. ಅಶ್ವಶಕ್ತಿಯೆಂಬ ಅಳತೆಯನ್ನು ರೂಢಿಗೆ ತಂದವನು ಜೇಮ್ಸ್ ವಾಟ್. ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದೆಂದು ಕೊಳ್ಳುವವರಿಗೆ ಮನಗಾಣಿಸಲು ಅವನಿಗೆ ಅದು ಬೇಕಾಗಿತ್ತು. ಮೆಟ್ರಿಕ್ ಲೆಕ್ಕದಲ್ಲಿ ಹೇಳುವುದಾದರೆ, 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಗಂಗಾವತಿಯ ಸೀಮೆಯಲ್ಲಿ ಭತ್ತಕ್ಕೆ ದರ ಕಟ್ಟುವುದೂ 75 ಕಿಲೋ ಚೀಲದ ಲೆಕ್ಕದಲ್ಲಿಯೇ! ಅಲ್ಲಿಯ ರೈತನ ಪಾಲಿಗೆ ಅಶ್ವಶಕ್ತಿಯೆಂದರೆ ಸೆಕೆಂಡಿಗೆ ಒಂದು ಚೀಲವನ್ನು ಒಂದು ಮೀಟರು ಮೇಲಕ್ಕೆತ್ತುವ ಹಮಾಲ.

ಈ ವ್ಯಾಖ್ಯೆಯಲ್ಲಿ ‘ಒಂದು ಸೆಕೆಂಡಿನಲ್ಲಿ’ ಎಂಬ ಮಾತನ್ನು ಮರೆಯಬಾರದು. ಅಶ್ವಶಕ್ತಿಯಲ್ಲಿ ಬಲವಷ್ಟೇ ಅಲ್ಲ, ವೇಗವೂ ಬೆರೆತಿದೆ. ಭಾರವನ್ನು ನಿಂತ ನೆಲದಿಂದ ಕದಲಿಸಲು ಬೇಕಾದುದು ಎಂಜಿನ್ನಿನ ತಿರುಗಿಸುವ ಬಲ. ಅದನ್ನು ಟಾರ್ಕ್ ಎನ್ನುತ್ತಾರೆ, ಅಳೆಯುವುದು ನ್ಯೂಟನ್-ಮೀಟರುಗಳಲ್ಲಿ. ಒಂದು ಮೀಟರು ಉದ್ದದ ಸನ್ನೆಯ ತುದಿಗೆ ಸುಮಾರು 20 ಕಿಲೋ ತೂಗುಹಾಕಿದರೆ ಅದರ ಬುಡದಲ್ಲಿ 200 ನ್ಯೂಟನ್-ಮೀಟರು ಬಲ ಬೀಳುತ್ತದೆ.

ಈಗ ಆನೆಗಳನ್ನು ಸಾಲಾಗಿ ನಿಲ್ಲಿಸಬಹುದು. ಮೊದಲು ಬಂದ ಟಾಟಾ ಏಸ್‌ಗೆ 702 ಸಿ.ಸಿ.ಯ, ಎರಡೇ ಸಿಲಿಂಡರುಗಳ ಡೀಸೆಲ್ ಎಂಜಿನ್. 16 ಅಶ್ವಶಕ್ತಿ, ಸುಮಾರು 38 ನ್ಯೂಟನ್-ಮೀಟರು ಟಾರ್ಕ್. ಹೊರುವ ಭಾರ 750 ಕಿಲೋ, ಎಂದರೆ ಸರಿಯಾಗಿ ಹತ್ತು ಚೀಲ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ ಮೂರು ಸಿಲಿಂಡರು, 1,478 ಸಿ.ಸಿ.; ಹೊರುವುದು ಒಂದೂಕಾಲು ಟನ್ನು, ಹದಿನಾರು ಚೀಲ. ಮಹೀಂದ್ರದ ಬೊಲೆರೊ ಪಿಕಪ್ಪಿಗೆ ನಾಲ್ಕು ಸಿಲಿಂಡರುಗಳ 2,523 ಸಿ.ಸಿ. ಎಂಜಿನ್, 75 ಅಶ್ವಶಕ್ತಿ, 200 ನ್ಯೂಟನ್-ಮೀಟರು. ಅದರ 1.7 ಟನ್ನಿನ ಮಾದರಿ ಇಪ್ಪತ್ತೆರಡು ಚೀಲಗಳನ್ನು ನಿಯಮದೊಳಗೇ ಹೊರಬಲ್ಲದು.

ಸಾಲಿನ ಕೊನೆಗೆ ಪಟ್ಟದಾನೆಯೂ ಇದೆ. ನಮ್ಮ ರಾಜ್ಯದ ಬಿಡದಿಯಲ್ಲಿಯೇ ತಯಾರಾಗುವ, 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್. ಅದರ ಎಂಜಿನ್ 2,755 ಸಿ.ಸಿ.; ಬೊಲೆರೊಗಿಂತ ಗಾತ್ರದಲ್ಲಿ ಅಷ್ಟೇನೂ ಹಿರಿದಲ್ಲ. ಆದರೂ ಶಕ್ತಿ 204 ಅಶ್ವಶಕ್ತಿ; ತಾನಾಗಿಯೇ ಗೇರು ಬದಲಿಸಿಕೊಳ್ಳುವ ಮಾದರಿಯಲ್ಲಿ ಟಾರ್ಕ್ 500 ನ್ಯೂಟನ್-ಮೀಟರು. ಹೆಚ್ಚು ಗಾಳಿಯನ್ನು ಒತ್ತಿ ತುಂಬಿ, ಹೆಚ್ಚು ಡೀಸೆಲನ್ನು ಉರಿಸುವುದರಿಂದ ಈ ಬಲ ದೊರೆಯುತ್ತದೆ. ಹಾಗೆ ಉರಿಸಿದಾಗ ಒತ್ತಡವೂ ಕಾವೂ ಏರುತ್ತವೆ. ಅವನ್ನು ತಾಳುವ ಲೋಹಕ್ಕೂ, ತಣಿಸುವ ಏರ್ಪಾಟಿಗೂ ಹಣ ಸುರಿಯಬೇಕು. ಬಂದ ವರ್ಷ ಅದರ ಆರಂಭದ ಬೆಲೆ ಸುಮಾರು 34 ಲಕ್ಷ ರೂಪಾಯಿ. ಅದೇ ವರ್ಷ ಬಂದ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ಆರಂಭದ ಬೆಲೆ 7.68 ಲಕ್ಷ. ಹೈಲಕ್ಸಿನ ಗಟ್ಟಿತನಕ್ಕೆ ಜಗತ್ತಿನಲ್ಲೆಲ್ಲ ಹೆಸರಿದೆ, ನಿಜ. ಆದರೆ ಐದು ಜನ ಕೂರುವ ಕೋಣೆಯನ್ನೂ ಹಿಂದೆ ಗಿಡ್ಡ ತೊಟ್ಟಿಯನ್ನೂ ಉಳ್ಳ ಅದು ಚೀಲದ ಬಾಡಿಗೆಗೆಂದು ಹುಟ್ಟಿದ ಪ್ರಾಣಿಯಲ್ಲ.

ಇನ್ನು ಎಳೆಯುವ ಮಾತು. ಆಸ್ಟ್ರೇಲಿಯದಂಥ ದೇಶಗಳಲ್ಲಿ ಪಿಕಪ್ಪಿನ ಬೆನ್ನಿಗೆ ದೋಣಿಯನ್ನೋ ಚಕ್ರದ ಮೇಲಿನ ಮನೆಯನ್ನೋ ಕಟ್ಟಿ ಎಳೆಯುತ್ತಾರೆ. ಹೈಲಕ್ಸಿಗೆ ಅಲ್ಲಿ ಮೂರೂವರೆ ಟನ್ನು ಎಳೆಯುವ ಅನುಮತಿಯುಂಟು. ಆದರೆ ಎಳೆಯುವ ಬಂಡಿಗೆ ಅದರದೇ ಬ್ರೇಕು ಇರಬೇಕೆಂಬ ಷರತ್ತು ಇದೆ. ಎಳೆಯುವುದಕ್ಕಿಂತ ಎಳೆದುದನ್ನು ನಿಲ್ಲಿಸುವುದೇ ಕಷ್ಟ! ಆನೆಗೊಂದಿಯಲ್ಲಿ ಈ ಕೆಲಸ ಟ್ರ್ಯಾಕ್ಟರಿನದು. ಸುಗ್ಗಿಯ ದಿನಗಳಲ್ಲಿ 45 ಅಶ್ವಶಕ್ತಿಯ ಟ್ರ್ಯಾಕ್ಟರು ತುಂಬಿದ ಟ್ರೈಲರನ್ನು ಕೆಸರಿನಿಂದ ಈಚೆಗೆ ತರುತ್ತದೆ. 204 ಅಶ್ವಶಕ್ತಿಯ ಗಾಡಿ ಅದೇ ಕೆಸರಿನಲ್ಲಿ ಚಕ್ರ ತಿರುಗಿಸುತ್ತ ನಿಂತರೆ ಆಶ್ಚರ್ಯವಿಲ್ಲ. ಟ್ರ್ಯಾಕ್ಟರಿನ ಅತಿ ನಿಧಾನದ ಗೇರಿನಲ್ಲಿ ಎಂಜಿನ್ ನೂರಕ್ಕೂ ಹೆಚ್ಚು ಸುತ್ತು ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ. ಪಿಕಪ್ಪಿನ ಮೊದಲ ಗೇರಿನಲ್ಲಿ ಹದಿನೈದು ಇಪ್ಪತ್ತು ಸುತ್ತಿಗೆ ಒಂದು. ವೇಗವನ್ನು ಬಿಟ್ಟುಕೊಟ್ಟಷ್ಟೂ ಬಲ ಕೂಡುತ್ತದೆ. ದೊಡ್ಡ ಚಕ್ರವೂ ಮೈಭಾರವೂ ಅದಕ್ಕೆ ನೆಲದ ಹಿಡಿತವನ್ನು ಕೊಡುತ್ತವೆ.

ತಂದೆಯ ಎರಡನೆಯ ಪ್ರಶ್ನೆ ಉಳಿಯಿತು. ಎಂಜಿನ್ನು ಬಾಳುವುದೂ ಸೋಲುವುದೂ ಕಾರ್ಖಾನೆಯ ಕೈಯಲ್ಲಿ ಎಷ್ಟಿದೆಯೋ ಒಡೆಯನ ಕೈಯಲ್ಲಿಯೂ ಅಷ್ಟಿದೆ. ಒಕ್ಕುವ ಕಾಲದಲ್ಲಿ ಹಾರುವ ಹೊಟ್ಟೂ ಧೂಳೂ ಗಾಳಿ ಸೋಸುವ ಫಿಲ್ಟರನ್ನು ಕಟ್ಟುತ್ತವೆ. ರೇಡಿಯೇಟರಿನ ಸಂದುಗಳಲ್ಲಿ ಕೂರುತ್ತವೆ. ಉಸಿರು ಕಟ್ಟಿದ ಎಂಜಿನ್ನು ಕಪ್ಪು ಹೊಗೆ ಬಿಡುತ್ತದೆ. ತಣಿಯದ ಎಂಜಿನ್ನು ಕಾದು ಕೆಡುತ್ತದೆ. ಹತ್ತು ಚೀಲದ ಗಾಡಿಗೆ ಹದಿನಾರು ಹೇರಿದರೆ ಎಂಜಿನ್ನು ಹೇಗೋ ಎಳೆದೀತು. ಆದರೆ ಸವೆಯುವುದು ಕ್ಲಚ್ಚು, ಮುರಿಯುವುದು ಸ್ಪ್ರಿಂಗಿನ ಪಟ್ಟಿ, ಸೋಲುವುದು ಬ್ರೇಕು. ಅಂದಿನ ಆರು ಚೀಲಗಳ ಲಾಭ ಒಂದೇ ರಿಪೇರಿಯಲ್ಲಿ ಕರಗಿಹೋಗುತ್ತದೆ.

ಇನ್ನೊಂದು ವಿಚಾರವನ್ನೂ ಗಮನಿಸಬೇಕು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಬಿಗಿಯಾದ ಹೊಗೆ ನಿಯಮ ಜಾರಿಗೆ ಬಂದಿದೆ. ಗಾಳಿಗೆ ಇದು ಒಳ್ಳೆಯದೇ. ಆದರೆ ಎಂಜಿನ್ನಿನ ಸುತ್ತ ಸೆನ್ಸರುಗಳೂ ಹೊಗೆ ಶುದ್ಧಿಮಾಡುವ ಸಾಧನಗಳೂ ಹೆಚ್ಚಿವೆ. ಹಿಂದೆ ಕಿವಿಗೊಟ್ಟು ಕೇಳಿ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕಿಗೆ ಈಗ ಕಂಪ್ಯೂಟರಿನ ನೆರವು ಬೇಕಾಗುತ್ತದೆ. ಆದುದರಿಂದ ಗಾಡಿ ಕೊಳ್ಳುವ ಮುನ್ನ ಅದನ್ನು ಬಲ್ಲ ಕಾರ್ಖಾನೆಯೂ ಬಿಡಿಭಾಗಗಳೂ ಎಷ್ಟು ದೂರದಲ್ಲಿವೆಯೆಂದು ವಿಚಾರಿಸುವುದು ಎಂಜಿನ್ನಿನ ಅಂಕೆಗಳನ್ನು ಓದುವಷ್ಟೇ ಅಗತ್ಯ. ಗಾಡಿ ನಿಂತ ದಿನ ಬಾಡಿಗೆಯೂ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಹೀಗೆ ನೋಡಿದರೆ ತಂದೆಯ ಪ್ರಶ್ನೆಗಳೇ ಸರಿಯಾದ ಅಳತೆಗೋಲು. ಓಣಿಗಳಲ್ಲಿ ಬಾಳೆಗೊನೆ, ದಿನಸಿ ಸಾಗಿಸುವವನಿಗೆ ಹತ್ತು ಚೀಲದ ಮರಿಯಾನೆ ಸಾಕು. ದಿನವೂ ಇಪ್ಪತ್ತು ಚೀಲ ಸಾಗಿಸುವವನಿಗೆ ನಿಮಿಷಕ್ಕೆ 1,400 ಸುತ್ತಿನಲ್ಲಿಯೇ ಪೂರ್ಣ ಟಾರ್ಕ್ ಕೊಡುವ ಬೊಲೆರೊದಂಥ ಎಂಜಿನ್ನು ಒಪ್ಪುತ್ತದೆ. ಅದು ಹೊರೆಹೊತ್ತು ಏರನ್ನು ಹತ್ತುವಾಗ ಒದ್ದಾಡುವುದಿಲ್ಲ. ಕೆಸರಿನ ಎಳೆತವನ್ನು ಟ್ರ್ಯಾಕ್ಟರಿಗೇ ಬಿಡುವುದು ಲೇಸು.

ಪಟ್ಟಣದ ಮನೆಗಳಲ್ಲಿ ಸೋನಾ ಮಸೂರಿಯ ಅನ್ನ ಎಲೆಗೆ ಬೀಳುವಾಗ ಅದು ಬಂದ ದಾರಿಯನ್ನು ಯಾರೂ ನೆನೆಯುವುದಿಲ್ಲ. ಆ ದಾರಿಯ ಮೊದಲ ಮೈಲಿಗಳಲ್ಲಿ ಇಂಥದೊಂದು ಮರಿಯಾನೆ ಹೊರೆ ಹೊತ್ತು ನಡೆದಿರಬಹುದು. ಅದರ ಬೆನ್ನ ಮೇಲೆ ಭತ್ತದ ಚೀಲಗಳೊಡನೆ ಒಂದು ಮನೆಯ ಸಾಲವೂ ಇದ್ದಿರಬಹುದು.