ಹಮ್ಮು ಬೇರೆ, ಮೆರೆಯೋದು ಬೇರೆ

"ಏನ್ ಮೆರೀತಾನೆ ನೋಡು" ಅಂತ ಒಂದು ಮಾತಿದೆ. ನಮ್ಮ ಕೇರಿ ಹುಡುಗ ಮದುವೆಗೆ ಕುದುರೆ ಏರಿದರೆ, ಕೂಲಿಂಗ್ ಗ್ಲಾಸ್ ಹಾಕಿದರೆ, ಬುಲೆಟ್ ತಗೊಂಡರೆ ಈ ಮಾತು ಬರುತ್ತೆ. ಅದೇ ಊರಿನ ಯಜಮಾನ ಜಗಲಿ ಮೇಲೆ ಕಾಲ ಮೇಲೆ ಕಾಲು ಹಾಕ್ಕೊಂಡು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿದರೆ ಅದು "ಗಾಂಭೀರ್ಯ". ಇವತ್ತು ಬರೀತಿರೋದು ಇಂಗ್ಲಿಷರ, ಅಮೆರಿಕದವರ ರಾಕ್ ಸಂಗೀತದ ಬಗ್ಗೆ. ಆದರೆ ಈ ಎರಡು ಪದ ಕೈಯಲ್ಲಿ ಇಟ್ಕೊಂಡೇ ಬರೀತೀನಿ.

ರಾಕ್ ಅಂದ್ರೆ ಬರೀ ಆಡಂಬರ, ಹೊಗೆ, ಲೈಟು, ಕಿರುಚಾಟ ಅಂತ ನಮ್ಮ ಪ್ರಗತಿಪರ ಗೆಳೆಯರೂ ಹೇಳ್ತಾರೆ. ಆಡಂಬರ ಇದೆ, ಒಪ್ಪೋಣ. ಆದರೆ ಆ ಆಡಂಬರದಲ್ಲಿ ಎರಡು ಜಾತಿ ಇವೆ. (ಕ್ಷಮಿಸಿ, ಎರಡು ಬಗೆ.) ಒಂದು ಹಮ್ಮು, ಇನ್ನೊಂದು ಮೆರೆಯೋದು. ಹಮ್ಮಿಗೆ ನೀವು ಕೆಳಗೇ ನಿಂತಿರಬೇಕು. ಮೆರೆಯುವವನಿಗೆ ನೀವು ಜೊತೆಗೆ ಬರಬೇಕು.

ಹಮ್ಮಿಗೆ ಉದಾಹರಣೆ ಬೇಕಾದರೆ 1973ರ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್' ಆಲ್ಬಂ ಕೇಳಿ. ಮಾಡಿದ್ದು 'ಯೆಸ್' ಅನ್ನೋ ಬ್ರಿಟಿಷ್ ತಂಡ. ಹಾಡುಗಾರ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆ ಓದ್ತಾ ಇದ್ದಾಗ ಒಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ಶಾಸ್ತ್ರಗಳು ನಾಲ್ಕು ಬಗೆ ಅನ್ನೋದು ಅದರ ವಿಷಯ. ಅಷ್ಟು ಸಾಕಾಯ್ತು. ಎರಡು ಎಲ್‌ಪಿ, ನಾಲ್ಕು ಮೈ, ಮೈಗೊಂದು ಹಾಡು, ಒಟ್ಟು 80 ನಿಮಿಷಕ್ಕೂ ಹೆಚ್ಚು. ಪುಸ್ತಕ ಕೂಡ ಅಲ್ಲ ಸ್ವಾಮಿ, ಅಡಿಟಿಪ್ಪಣಿ!

ಸ್ಮೃತಿ ಅಂದ ತಕ್ಷಣ ನಮಗೆ ನೆನಪಾಗೋದು 1927ರ ಡಿಸೆಂಬರ್ 25, ಮಹಾಡ್, ಬಾಬಾಸಾಹೇಬರು ಹಚ್ಚಿದ ಬೆಂಕಿ. ಆ ಹುಡುಗರಿಗೆ ಅದು ಪೂರ್ವ ದೇಶದ ನಿಗೂಢ ಜ್ಞಾನ. ಯಾರ ಕಿವಿಗೆ ಕಾದ ಸೀಸ ಹೊಯ್ಯಬೇಕು ಅಂತ ಆ ಶಾಸ್ತ್ರಗಳು ಹೇಳಿದವು ಅನ್ನೋದು ಅವರಿಗೆ ಬೇಕಿರಲಿಲ್ಲ. ನುಡಿಸೋದರಲ್ಲಿ ಅವರದ್ದು ಕಡಿಮೆ ಕೈಯಲ್ಲ, ಸ್ಟೀವ್ ಹೋವ್ ಗಿಟಾರ್ ಕೇಳಿ. ತೊಂದರೆ ಇರೋದು ನಿಲುವಿನಲ್ಲಿ. ಅರ್ಥ ಆಗಲಿಲ್ವಾ, ತಪ್ಪು ನಿನ್ನದು ಅನ್ನೋ ನಿಲುವು. ಕಚೇರಿಗಳಲ್ಲಿ ಫೈಲ್ ಹಿಡಿದು ನಿಂತವರಿಗೆಲ್ಲ ಈ ಮುಖ ಗೊತ್ತು.

ಇದು ತಂಡದ ಒಳಗೇ ಒಬ್ಬನಿಗೆ ಸಹಿಸೋಕೆ ಆಗಲಿಲ್ಲ. ಕೀಬೋರ್ಡ್ ನುಡಿಸ್ತಿದ್ದ ರಿಕ್ ವೇಕ್‌ಮನ್, ಮ್ಯಾಂಚೆಸ್ಟರ್‌ನಲ್ಲಿ ಈ ಆಲ್ಬಂ ನುಡಿಸ್ತಾ ಇರುವಾಗಲೇ ವೇದಿಕೆ ಮೇಲೆ ಕೂತು ಕರಿ ತಿಂದ! 1974ರಲ್ಲಿ ತಂಡ ಬಿಟ್ಟ. ಮುಂದಿನ ವರ್ಷ ಏನು ಮಾಡಿದ ಗೊತ್ತಾ? ಆರ್ಥರ್ ರಾಜನ ಕಥೆಯನ್ನ ಲಂಡನ್ನಿನ ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ ಮಂಜುಗಡ್ಡೆ ಮೇಲೆ ಆಡಿಸಿದ. ಆರ್ಕೆಸ್ಟ್ರಾ, ಗಾಯನವೃಂದ, ಸ್ಕೇಟಿಂಗ್ ಮಾಡೋ ಯೋಧರು. ವಿಮರ್ಶಕರು ಇವತ್ತಿಗೂ ನಗ್ತಾರೆ, ನಾನೂ ನಗ್ತೀನಿ. ಆದರೆ ನನಗೆ ಅದು ಇಷ್ಟ. ಅದು ಜಾತ್ರೆ. ಜಾತ್ರೆಯಲ್ಲಿ ನಗೋರಿಗೂ ಜಾಗ ಇದೆ. ಖರ್ಚು ಎಷ್ಟು, ಸೆಟ್ ಎಷ್ಟು ಎತ್ತರ ಅನ್ನೋದರಿಂದ ಹಮ್ಮನ್ನ ಅಳೆಯೋಕಾಗಲ್ಲ.

ಈಗ ಫ್ರೆಡ್ಡಿ ಮರ್ಕ್ಯುರಿ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರ್‌ನಲ್ಲಿ, ಪಾರ್ಸಿ ಮನೆ, ಹೆಸರು ಫರೂಖ್ ಬುಲ್ಸಾರಾ, ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. 1964ರ ಕ್ರಾಂತಿಯಲ್ಲಿ ಮನೆಯವರೆಲ್ಲ ಜಾಂಜಿಬಾರ್ ಬಿಟ್ಟು ಇಂಗ್ಲೆಂಡಿಗೆ ಓಡಿ ಬಂದರು. ಹೀಥ್ರೂ ವಿಮಾನ ನಿಲ್ದಾಣದಲ್ಲೂ ದುಡಿದ ಹುಡುಗ ಅವನು. ಬ್ರಿಟಿಷರ ಕಣ್ಣಿಗೆ ಕಂದುಬಣ್ಣದ ವಲಸಿಗ. ಅವನ ಕುಣಿತ, ಬಿಗಿ ಬಟ್ಟೆ ನೋಡಿ 1977ರಲ್ಲಿ 'ಎನ್‌ಎಂಇ' ಪತ್ರಿಕೆ ಇವನೇನು ಮುಠ್ಠಾಳನಾ ಅಂತ ತಲೆಬರಹದಲ್ಲೇ ಕೇಳಿತು. ಏನ್ ಮೆರೀತಾನೆ ನೋಡು ಅನ್ನೋದರ ಇಂಗ್ಲಿಷ್ ರೂಪ, ಅಷ್ಟೇ.

1985ರ ಜುಲೈ 13ರ ಲೈವ್ ಏಡ್ ನೋಡಿ. ವೆಂಬ್ಲಿ ಸ್ಟೇಡಿಯಂ, ಸುಮಾರು 72 ಸಾವಿರ ಜನ. ಕ್ವೀನ್ ತಂಡಕ್ಕೆ ಸಿಕ್ಕಿದ್ದು 20 ನಿಮಿಷ ಅನ್ನಿ. ಅದೂ ಹಗಲು ಬೆಳಕಿನಲ್ಲಿ. ಹೊಗೆ ಇಲ್ಲ, ಲೈಟಿನ ಆಟ ಇಲ್ಲ, ಕಿರೀಟ ಇಲ್ಲ. ಬಿಳಿ ಬನಿಯನ್, ಜೀನ್ಸ್, ಕೈಯಲ್ಲಿ ಮೈಕಿನ ಅರ್ಧ ಕೋಲು. ಅವನು ಒಂದು ಕೂಗು ಹಾಕ್ತಾನೆ, 72 ಸಾವಿರ ಜನ ಅದನ್ನ ತಿರುಗಿ ಕೂಗ್ತಾರೆ. ಅವನು ಇನ್ನೂ ಎಳೀತಾನೆ, ಅವರೂ ಎಳೀತಾರೆ. 'ರೇಡಿಯೋ ಗಾಗಾ' ಹಾಡಿಗೆ ಅಷ್ಟೂ ಕೈಗಳು ತಲೆ ಮೇಲೆ ಒಟ್ಟಿಗೆ ಚಪ್ಪಾಳೆ ಹೊಡೆಯುತ್ತವೆ. ಹಾಡಿನ ಅರ್ಧ ಕೆಲಸವನ್ನ ಜನರಿಗೇ ಬಿಟ್ಟಿದ್ದಾನೆ ಆ ಮನುಷ್ಯ. ತಮಟೆಗೆ ಹೆಜ್ಜೆ ಹಾಕಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1986ರ ಪ್ರವಾಸದಲ್ಲಂತೂ ಕಾರ್ಯಕ್ರಮದ ಕೊನೆಗೆ ಕಿರೀಟ ಇಟ್ಕೊಂಡು, ರಾಜರ ಕೆಂಪು ನಿಲುವಂಗಿ ಹೊದ್ದು, ಬ್ರಿಟನ್ನಿನ ರಾಷ್ಟ್ರಗೀತೆ ಮೊಳಗ್ತಾ ಇರುವಾಗ ಬಂದು ನಿಂತ. ಹೀಥ್ರೂನಲ್ಲಿ ದುಡಿದಿದ್ದ ಬುಲ್ಸಾರಾ!

ಹಾಗಂತ ಮೆರೆದವರೆಲ್ಲ ನಮ್ಮವರು ಅಂತ ಹೇಳ್ತಿಲ್ಲ. ಇದೇ ಕ್ವೀನ್ 1984ರಲ್ಲಿ, ವರ್ಣಭೇದ ನೀತಿ ಇದ್ದಾಗಲೇ, ದಕ್ಷಿಣ ಆಫ್ರಿಕಾದ ಸನ್ ಸಿಟಿಗೆ ಹೋಗಿ ಹಾಡಿತು. ಕಲಾವಿದರ ಬಹಿಷ್ಕಾರ ಮುರಿದಿದ್ದಕ್ಕೆ ಬ್ರಿಟನ್ನಿನ ಸಂಗೀತಗಾರರ ಯೂನಿಯನ್ ದಂಡ ಹಾಕಿತು. ಹಾಕಿದ್ದು ಸರಿ.

ಅಸಲಿಗೆ ಈ ಮೆರೆಯೋದನ್ನ ರಾಕ್‌ಗೆ ಕಲಿಸಿದವರು ಕರಿಯ ಅಮೆರಿಕನ್ನರು. ಲಿಟ್ಲ್ ರಿಚರ್ಡ್ ಜಾರ್ಜಿಯಾದ ಮೇಕನ್ ಊರಿನ ಬಸ್ ನಿಲ್ದಾಣದಲ್ಲಿ ತಟ್ಟೆ ತೊಳೀತಿದ್ದವನು. ಬಸ್ಸಿನಲ್ಲಿ ಕರಿಯರು ಹಿಂದೆ ಕೂರಬೇಕಿದ್ದ ಕಾಲ ಅದು. ಆ ಕಾಲದಲ್ಲೇ ಮುಖಕ್ಕೆ ಬಣ್ಣ ಹಚ್ಚಿ, ಕೂದಲು ಗೋಪುರದ ಹಾಗೆ ಎತ್ತಿ, ಪಿಯಾನೋ ಬಡಿದು ಕಿರುಚಿದ. ನ್ಯೂಜೆರ್ಸಿಯಲ್ಲಿ ಕ್ಷೌರದಂಗಡಿಯಲ್ಲಿ ಕೆಲಸ ಮಾಡಿದ್ದ ಜಾರ್ಜ್ ಕ್ಲಿಂಟನ್ 1976ರಲ್ಲಿ ವೇದಿಕೆ ಮೇಲೆ ಆಕಾಶನೌಕೆಯನ್ನೇ ಇಳಿಸಿ ಅದರೊಳಗಿಂದ ಹೊರಗೆ ಬಂದ. ಮುಂದಿನ ಸಾಲಲ್ಲಿ ಕೂರಿಸದೇ ಇದ್ದವರ ಮೊಮ್ಮಕ್ಕಳಿಗೆ ಇಡೀ ನಕ್ಷತ್ರಲೋಕ.

ಆಮೇಲೆ ಪಂಕ್ ಹುಡುಗರು ಬಂದು ಎಲ್ಲಾ ಕಿತ್ತು ಬಿಸಾಕಿ, ಸರಳವಾಗಿರಿ ಅಂದರು. ಯೆಸ್ ಥರದವರಿಗೆ ಅದು ಬೇಕಿತ್ತು. ಆದರೆ ಸರಳತೆ ಅನ್ನೋದು ಎಲ್ಲರಿಗೂ ಒಂದೇ ಬೆಲೆಗೆ ಸಿಗಲ್ಲ. ಮುಂಡು ಉಟ್ಟವರನ್ನ ದೇಶ ಮಹಾತ್ಮ ಅಂತು. ಬಾಬಾಸಾಹೇಬರ ಸೂಟಿಗೆ ಎಷ್ಟು ಜನ ಕೊಂಕು ಆಡಿಲ್ಲ? 2018ರ ಜನವರಿಯಲ್ಲಿ ಪಾ. ರಂಜಿತ್ ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್ ಚೆನ್ನೈನಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಹುಡುಗರು ಸೂಟ್ ಹಾಕ್ಕೊಂಡೇ ಗಾನಾ ಹಾಡಿದರು. ಸಾವಿನ ಮನೆ ಮುಂದೆ ಹಾಡೋದು ಅಂತ ಕೀಳಾಗಿ ನೋಡ್ತಿದ್ದ ಗಾನಾ.

ಇವೆಲ್ಲ ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಮೊದಲು ಲೈವ್ ಏಡ್ ನೋಡಿ, ಆಮೇಲೆ ಕಾಸ್ಟ್‌ಲೆಸ್ ಕಲೆಕ್ಟಿವ್. ಯೆಸ್ ತಂಡದ ಆ ಆಲ್ಬಂ ಕೇಳಲೇಬೇಕು ಅನ್ನೋರು ಊಟದ ತಟ್ಟೆ ಪಕ್ಕದಲ್ಲೇ ಇಟ್ಕೊಳ್ಳಿ.

ಜೈ ಭೀಮ್.