ಕೂಸು ಅಳದಿದ್ದರೂ ಆಸ್ಪತ್ರೆಗೆ ಹೊರಡಿ

ಹೊಳಗುಂದ ಭಾಗದ ಮನೆಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರು ಎರೆಯುವವರು ಹೆಚ್ಚಾಗಿ ಅಜ್ಜಿಯರೇ. ಗಂಡು ಕೂಸಿನ ಬೀಜ ಊದಿದ್ದರೆ ಮೊದಲು ಕಾಣುವುದೂ ಅವರಿಗೇ. ಆದರೆ ‘ಕೂಸು ಅಳ್ತಿಲ್ಲ, ಹಾಲು ಕುಡೀತೈತೆ, ಎಲ್ಡು ದಿನ ನೋಡಾನ’ ಎಂದು ಸುಮ್ಮನಾದರೆ ಅಪಾಯ.

ವೃಷಣಕ್ಕೆ ರಕ್ತ ಒಯ್ಯುವ ನಾಳಗಳು ಹುರಿಯಂತೆ ತಿರುಚಿಕೊಂಡರೆ ರಕ್ತ ನಿಂತು ವೃಷಣ ಸಾಯುತ್ತದೆ. ದೊಡ್ಡ ಹುಡುಗರಾದರೆ ನೋವಿಗೆ ಒದ್ದಾಡುತ್ತಾರೆ. ಹಸುಗೂಸು ಅನೇಕ ಸಲ ಅಳುವುದೇ ಇಲ್ಲ. ಒಂದು ಬದಿ ಗಟ್ಟಿಯಾಗಿ ಊದುವುದು, ಚರ್ಮ ಕೆಂಪು, ನೀಲಿ ಇಲ್ಲವೆ ಕಪ್ಪಾಗುವುದು ಇದರ ಗುರುತು. ನೀರು ತುಂಬಿದ ಊತ ಸಾಮಾನ್ಯವಾಗಿ ಬಣ್ಣ ಬದಲಿಸುವುದಿಲ್ಲ, ಬಹುಪಾಲು ವರ್ಷದೊಳಗೆ ಇಳಿಯುತ್ತದೆ. ಆದರೆ ಇದು ಯಾವ ಊತ ಎಂದು ಹೇಳಬೇಕಾದವರು ವೈದ್ಯರು, ನೆರೆಹೊರೆಯವರಲ್ಲ.

ಎಷ್ಟೋ ಕೂಸುಗಳಿಗೆ ಇದು ಹೊಟ್ಟೆಯಲ್ಲಿದ್ದಾಗಲೇ ಆಗಿರುತ್ತದೆ. ಅಂಥ ವೃಷಣ ಉಳಿಯುವುದು ಅಪರೂಪ. ಅದು ಬಾಣಂತಿಯ ತಪ್ಪಲ್ಲ, ನೀರೆರೆದವರ ತಪ್ಪೂ ಅಲ್ಲ. ಹುಟ್ಟುವಾಗ ಸರಿಯಿದ್ದು ಆಮೇಲೆ ಊದಿದರೆ ಮಾತ್ರ ಒಂದೊಂದು ಗಂಟೆಯೂ ಮುಖ್ಯ. ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಬದಿಯೂ ತಿರುಚದಂತೆ ಹೊಲಿಗೆ ಹಾಕುವುದುಂಟು. ಒಂದು ಹೋದರೂ ಇನ್ನೊಂದು ಚೆನ್ನಾಗಿದ್ದರೆ ಹುಡುಗನ ಬೆಳವಣಿಗೆಗೆ, ಮುಂದೆ ಮಕ್ಕಳಾಗುವುದಕ್ಕೆ ಸಾಕು. ಎರಡೂ ಹೋದರೆ ಅದು ಜೀವನಪೂರ್ತಿಯ ನಷ್ಟ.

ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ. 108ಕ್ಕೆ ಫೋನ್ ಮಾಡಿ. ವೈದ್ಯರ ಎದುರು ನಾಚಿಕೆ ಬಿಟ್ಟು, ಯಾವಾಗ ಕಂಡಿತು, ಹುಟ್ಟಿದಾಗ ಹೇಗಿತ್ತು ಎಂದು ಹೇಳಿ.

ಇನ್ನು ಆಡಳಿತದವರ ಪಾಲು. ಆದೋನಿಯಿಂದ ಕರ್ನೂಲು ಸರ್ಕಾರಿ ಸರ್ವಜನ ಆಸ್ಪತ್ರೆಗೆ ಸುಮಾರು 100 ಕಿ.ಮೀ. ದಾರಿ. ಕೂಸನ್ನು ಕಳಿಸುವ ಮುನ್ನ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ತಿಳಿಸುವ ಪದ್ಧತಿ ಬರಬೇಕು. ಹೆರಿಗೆಯಾದ ತಾಯಿಯನ್ನು ಮನೆಗೆ ಕಳಿಸುವಾಗ ಗಂಡು ಕೂಸಿನ ಎರಡೂ ಬದಿ ನೋಡಿ ಚೀಟಿಯಲ್ಲಿ ಬರೆಯಬೇಕು. 42 ದಿನದೊಳಗೆ ಆರು ಸಲ ಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೂ ಈ ಗುರುತು ಕಲಿಸಬೇಕು.

ನಮ್ಮಲ್ಲಿ ಬಳ್ಳಾರಿ, ಸಿರುಗುಪ್ಪ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುತ್ತಾರೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇಡೀ ದೇಶದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಹಸುಗೂಸಿಗೆ ಚಿಕಿತ್ಸೆ ಉಚಿತ. ಕೂಸಿನ ಕಾಗದ ಯಾವ ರಾಜ್ಯದ್ದು ಎಂದು ಕೇಳುತ್ತ ಹೊತ್ತು ಕಳೆಯಬಾರದು.